ಬೆಳಕಿನ ಉಳಿಯ ಮೊನೆ ಎಷ್ಟು ಚೂಪು?

ಹೊಲದ ಬದುವಿನಲ್ಲಿ ಹಕ್ಕಿ ಬೆದರಿಸಲು ದಾರಕ್ಕೆ ಕಟ್ಟಿ ತೂಗುಬಿಟ್ಟ ಸಿ.ಡಿ.ಗಳನ್ನು ನೀವು ನೋಡಿರುತ್ತೀರಿ. ಗಾಳಿಗೆ ತಿರುಗಿದಾಗಲೆಲ್ಲ ಹಸಿರು, ನೇರಳೆ, ಕೆಂಪು ಮಿಂಚಿ ಮಾಯವಾಗುತ್ತವೆ. ಅದರಲ್ಲಿ ಒಂದು ಕಾಲಕ್ಕೆ ಸಿನಿಮಾ ಹಾಡಿತ್ತೋ, ಯಾರದೋ ಮದುವೆಯ ವಿಡಿಯೊ ಇತ್ತೋ, ಡಿಗ್ರಿ ಹುಡುಗರ ಪ್ರಾಜೆಕ್ಟ್ ವರದಿ ಇತ್ತೋ ಯಾರಿಗೂ ನೆನಪಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ತಟ್ಟೆಯೇ ಇರುವುದಿಲ್ಲ. ಓದುವ ಯಂತ್ರ ಹೋದ ಮೇಲೆ ಡಿಸ್ಕ್ ಬರೀ ಹೊಳೆಯುವ ಬಿಲ್ಲೆ.

ಇನ್ನೊಂದು ಬಗೆಯ ಬರಹವೂ ನಮ್ಮ ಹಾವೇರಿ ಜಿಲ್ಲೆಯಲ್ಲಿದೆ. ತುಂಗಭದ್ರೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ದೇವಾಲಯದಲ್ಲಿ ಹಳಗನ್ನಡದ ಉದ್ದುದ್ದ ಶಾಸನಗಳನ್ನು ಹೊತ್ತ ಕಲ್ಲುಗಳು ನಿಂತಿವೆ. ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ, ಹನ್ನೊಂದನೇ ಶತಮಾನದ ಗಳಗೇಶ್ವರ ದೇವಾಲಯವಿದೆ. ಕಲ್ಲಿನಲ್ಲಿ ಕೊರೆದ ಆ ಕಾಲದ ಅಕ್ಷರಗಳನ್ನು ಇವತ್ತಿಗೂ ಬರಿಗಣ್ಣಿನಿಂದ ಓದಬಹುದು. ಲಿಪಿ ಗೊತ್ತಿದ್ದರೆ ಸಾಕು, ಕರೆಂಟು ಬೇಡ, ಡ್ರೈವೂ ಬೇಡ.

ಸ್ವಲ್ಪ ಯೋಚಿಸಿದರೆ ಶಾಸನವೂ ಸಿ.ಡಿ.ಯೂ ಒಂದೇ ಜಾತಿಯವು. ಎರಡರಲ್ಲೂ ಗಟ್ಟಿ ಮೇಲ್ಮೈ ಮೇಲೆ ಕುಳಿ ತೋಡಿದ್ದಾರೆ. ಎರಡನ್ನೂ ಓದುವುದು ಆ ಕುಳಿಗಳಿಂದ ಮರಳಿ ಬಂದ ಬೆಳಕನ್ನು ಒಂದು ಮಸೂರ ಒಟ್ಟುಗೂಡಿಸಿದಾಗ. ಶಾಸನಕ್ಕೆ ಆ ಮಸೂರ ನಮ್ಮ ಕಣ್ಣಿನೊಳಗಿದೆ, ಸಿ.ಡಿ.ಗೆ ಡ್ರೈವಿನೊಳಗಿದೆ. ಹಾಗಿದ್ದರೂ ಒಂದು ಸಾವಿರ ವರ್ಷ ಬಾಳಿತು, ಇನ್ನೊಂದು ಇಪ್ಪತ್ತು-ಮೂವತ್ತು ವರ್ಷಗಳಲ್ಲೇ ಮೂಲೆ ಸೇರಿತು. ಏಕೆಂದು ತಿಳಿಯಬೇಕಾದರೆ ಮಸೂರವೊಂದು ಬೆಳಕನ್ನು ಎಷ್ಟು ಸಣ್ಣ ಚುಕ್ಕೆಯಾಗಿಸಬಲ್ಲದು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು.

ಭೂತಗನ್ನಡಿಯಿಂದ ಆರಂಭಿಸೋಣ

ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಡುವ ಆಟ ಎಲ್ಲರಿಗೂ ಗೊತ್ತು. ಕನ್ನಡಿಯನ್ನು ಮೇಲೆ ಕೆಳಗೆ ಆಡಿಸಿದಂತೆ ಬೆಳಕಿನ ವೃತ್ತ ಕಿರಿದಾಗುತ್ತ ಬಂದು ಒಂದು ದೂರದಲ್ಲಿ ಅತಿ ಚಿಕ್ಕದಾಗುತ್ತದೆ. ಆ ದೂರವೇ ಸಂಗಮದೂರ. ಆದರೆ ಅಲ್ಲಿ ಮೂಡುವುದು ಬಿಂದುವಲ್ಲ, ಸೂರ್ಯನ ಪುಟ್ಟ ಚಿತ್ರ. ಸಂಗಮದೂರ 10 ಸೆಂಟಿಮೀಟರ್ ಇದ್ದರೆ ಆ ಚಿತ್ರದ ಅಗಲ ಸುಮಾರು 1 ಮಿಲಿಮೀಟರ್. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುವುದರಿಂದ ಚಿತ್ರಕ್ಕೂ ಅಷ್ಟು ಅಗಲ ಇದ್ದೇ ಇರುತ್ತದೆ.

ಸೂರ್ಯನ ಬದಲು ಲೇಸರ್ ಬಳಸಿದರೆ ಈ ತೊಂದರೆ ಹೋಗುತ್ತದೆ. ಲೇಸರ್ ಬೆಳಕು ಒಂದೇ ಬಿಂದುವಿನಿಂದ ಹೊರಟಂತೆ ಶಿಸ್ತಾಗಿ ಬರುತ್ತದೆ, ಬಣ್ಣವೂ ಒಂದೇ. ಹಾಗಾದರೆ ಒಳ್ಳೆಯ ಮಸೂರವೊಂದು ಅದನ್ನು ನಿಜವಾದ ಬಿಂದುವಿಗೆ ಇಳಿಸಬಹುದಲ್ಲವೇ? ಪಿಯುಸಿ ಪುಸ್ತಕದ ಕಿರಣ ಚಿತ್ರಗಳಲ್ಲಿ ಗೆರೆಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ನಿಜ ಜೀವನದಲ್ಲಿ ಕೂಡುವುದಿಲ್ಲ. ಬೆಳಕು ಗೆರೆಯಲ್ಲ, ಅಲೆ. ಮಸೂರದ ಎಲ್ಲ ಭಾಗಗಳಿಂದ ಬಂದ ಅಲೆಗಳು ನಡುವಿನಲ್ಲಿ ಒಂದಕ್ಕೊಂದು ಬಲ ಕೊಟ್ಟು ಪ್ರಕಾಶವಾಗುತ್ತವೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಏರು-ಇಳಿವು ಹೊಂದದೆ ಒಂದನ್ನೊಂದು ಅಳಿಸುತ್ತವೆ. ಆ ಅಳಿಸುವಿಕೆ ಶುರುವಾಗಲು ಒಂದಿಷ್ಟು ದೂರ ಬೇಕೇ ಬೇಕು. ಚುಕ್ಕೆಯ ಗಾತ್ರ ಎಂದರೆ ಆ ದೂರವೇ.

ಈ ಮಿತಿಯನ್ನು 1873ರಲ್ಲಿ ಜರ್ಮನಿಯ ಯೇನಾ ಊರಿನ ಅರ್ನ್‌ಸ್ಟ್ ಅಬೆ ಸೂತ್ರವಾಗಿ ಹೇಳಿದರು. ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಕಾರ್ಲ್ ಝೈಸ್ ಅವರ ಜೊತೆಗಾರರಾಗಿದ್ದವರು ಅವರು. ಸೂತ್ರ ಸರಳ: ಬೆಳಕಿನ ತರಂಗಾಂತರವನ್ನು ‘ನ್ಯೂಮರಿಕಲ್ ಅಪರ್ಚರ್’ ಎಂಬ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ಚುಕ್ಕೆಯ ಅಂದಾಜು ಅಗಲ ಸಿಗುತ್ತದೆ. ನ್ಯೂಮರಿಕಲ್ ಅಪರ್ಚರ್ ಎಂದರೆ ಮಸೂರದಿಂದ ಹೊರಟ ಬೆಳಕಿನ ಶಂಕು ಎಷ್ಟು ಅಗಲವಾಗಿ ತೆರೆದಿದೆ ಎಂಬುದರ ಅಳತೆ. ಯೇನಾದಲ್ಲಿರುವ ಅಬೆ ಸ್ಮಾರಕದ ಕಲ್ಲಿನ ಮೇಲೆ ಈ ಸೂತ್ರವನ್ನೇ ಕೊರೆದಿಟ್ಟಿದ್ದಾರೆ. ಅದೂ ಒಂದು ಶಿಲಾಶಾಸನವೇ!

ಹೀಗಾಗಿ ಚುಕ್ಕೆ ಸಣ್ಣದಾಗಬೇಕಾದರೆ ದಾರಿ ಎರಡೇ. ತರಂಗಾಂತರ ಕಡಿಮೆ ಇರುವ ಬೆಳಕನ್ನು ಹುಡುಕಬೇಕು, ಇಲ್ಲವೇ ಬೆಳಕಿನ ಶಂಕುವನ್ನು ಇನ್ನಷ್ಟು ಅಗಲಿಸಬೇಕು. ಸಿ.ಡಿ., ಡಿ.ವಿ.ಡಿ., ಬ್ಲೂ-ರೇಗಳ ಚರಿತ್ರೆ ಈ ಎರಡು ದಾರಿಗಳ ಚರಿತ್ರೆ.

ಜೋಳ, ಸಾಸಿವೆ, ಗಸಗಸೆ

ಫಿಲಿಪ್ಸ್ ಮತ್ತು ಸೋನಿ ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅದರ ಲೇಸರ್ 780 ನ್ಯಾನೊಮೀಟರ್‌ನದು, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಅವಕೆಂಪು ಬೆಳಕು. ಮಸೂರದ ನ್ಯೂಮರಿಕಲ್ ಅಪರ್ಚರ್ 0.45. ಸೂತ್ರಕ್ಕೆ ಹಾಕಿದರೆ ಚುಕ್ಕೆ ಸುಮಾರು 870 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಸಾಲಿನಿಂದ ಸಾಲಿಗೆ 1.6 ಮೈಕ್ರಾನ್ ಅಂತರ. ಒಂದು ತಲೆಗೂದಲಿನ ಅಗಲದಲ್ಲಿ ಸುಮಾರು ನಲವತ್ತು ಸಾಲು ಕೂಡುತ್ತವೆ. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಆ ಒಂದೇ ಸಾಲನ್ನು ಬಿಚ್ಚಿ ಎಳೆದರೆ ಐದು ಕಿಲೋಮೀಟರಿಗಿಂತ ಉದ್ದ. ಹೊಲದಲ್ಲಿ ಮಿನುಗುವ ಬಣ್ಣಗಳಿಗೂ ಈ ಸಾಲುಗಳೇ ಕಾರಣ. ಬೆಳಕಿನ ತರಂಗಾಂತರಕ್ಕೆ ಹತ್ತಿರದ ಅಂತರದಲ್ಲಿ ಸಾಲುಗಳು ಕೂತಿರುವುದರಿಂದ ಬಿಸಿಲಿನ ಬಣ್ಣಗಳು ಬೇರೆ ಬೇರೆ ದಿಕ್ಕಿಗೆ ಚದುರುತ್ತವೆ.

1990ರ ದಶಕದಲ್ಲಿ ಡಿ.ವಿ.ಡಿ. ಬಂತು. 650 ನ್ಯಾನೊಮೀಟರಿನ ಕೆಂಪು ಬೆಳಕು, ಅಪರ್ಚರ್ 0.60, ಚುಕ್ಕೆ ಸುಮಾರು 540 ನ್ಯಾನೊಮೀಟರ್. 2006ರಲ್ಲಿ ಅಂಗಡಿಗೆ ಬಂದ ಬ್ಲೂ-ರೇ 405 ನ್ಯಾನೊಮೀಟರಿನ ನೇರಳೆ ಬೆಳಕು ಬಳಸಿತು. ಅಪರ್ಚರ್ 0.85, ಚುಕ್ಕೆ ಸುಮಾರು 240 ನ್ಯಾನೊಮೀಟರ್. ಈ ನೇರಳೆ ಲೇಸರ್ ಸಾಧ್ಯವಾದದ್ದು ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕವನ್ನು ಜಪಾನಿನ ವಿಜ್ಞಾನಿಗಳು ಪಳಗಿಸಿದ ಮೇಲೆ. ಅದೇ ವಸ್ತುವಿನಿಂದ ನೀಲಿ ಎಲ್‌ಇಡಿ ಮಾಡಿದ್ದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಈ ಅಂಕಿಗಳನ್ನು ನಮ್ಮ ಕಣ್ಣಳತೆಗೆ ತಂದುಕೊಳ್ಳೋಣ. ಗಳಗನಾಥ ಎಂದರೆ ಓದುಗರಿಗೆ ಊರಿಗಿಂತ ಮೊದಲು ನೆನಪಾಗುವುದು ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ಲೇಖಕ ವೆಂಕಟೇಶ ತಿರಕೊ ಕುಲಕರ್ಣಿ (1869–1942). ‘ಮಾಧವ ಕರುಣಾ ವಿಲಾಸ’ ಬರೆದವರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದವರು, ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದುವ ರುಚಿ ಹತ್ತಿಸಿದವರು ಎಂದು ಹಿರಿಯರು ಇಂದಿಗೂ ನೆನೆಯುತ್ತಾರೆ. 250 ಪುಟದ ಒಂದು ಕಾದಂಬರಿ, ಪುಟಕ್ಕೆ 1,500 ಯೂನಿಕೋಡ್ ಚಿಹ್ನೆ ಎಂದುಕೊಳ್ಳಿ. ಕನ್ನಡದ ಪ್ರತಿ ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಒಟ್ಟು ಸುಮಾರು 11 ಲಕ್ಷ ಬೈಟ್. 700 ಎಂ.ಬಿ.ಯ ಸಿ.ಡಿ.ಯಲ್ಲಿ ಇಂಥ ಆರುನೂರಕ್ಕೂ ಹೆಚ್ಚು ಕಾದಂಬರಿ ಹಿಡಿಸುತ್ತವೆ. ಒಂದು ಕಾದಂಬರಿಗೆ ಸಿ.ಡಿ.ಯ ಮೇಲೆ ಬೇಕಾಗುವ ಜಾಗ ಒಂದು ಜೋಳದ ಕಾಳಿನಷ್ಟು. 4.7 ಜಿ.ಬಿ.ಯ ಡಿ.ವಿ.ಡಿ.ಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಸಾಕು. 25 ಜಿ.ಬಿ.ಯ ಬ್ಲೂ-ರೇಯಲ್ಲಿ ಗಸಗಸೆ ಕಾಳಿಗಿಂತಲೂ ಕಡಿಮೆ! ಹೊರೆ ಹೊತ್ತು ತಿರುಗಿದ ಆ ಮನುಷ್ಯನ ಇಡೀ ಬರಹ ಒಂದು ಚಿಟಿಕೆಯಲ್ಲಿ ಬಂದುಬಿಡುತ್ತದೆ.

ಒಂದು ವಿಷಯ ಗಮನಿಸಿ. ಸಿ.ಡಿ.ಯಿಂದ ಬ್ಲೂ-ರೇಗೆ ಬರುವಾಗ ಚುಕ್ಕೆಯ ವಿಸ್ತೀರ್ಣ ಕುಗ್ಗಿದ್ದು ಸುಮಾರು 13 ಪಟ್ಟು, ಸಾಮರ್ಥ್ಯ ಏರಿದ್ದು 35 ಪಟ್ಟಿಗೂ ಹೆಚ್ಚು. ಉಳಿದ ಪಾಲು ಸಾಲುಗಳನ್ನು ಇನ್ನಷ್ಟು ಒತ್ತಾಗಿ ಕೂರಿಸಿದ್ದರಿಂದ, ಸಂಕೇತ ಹೆಣೆಯುವ ಮತ್ತು ತಪ್ಪು ತಿದ್ದುವ ಗಣಿತ ಸುಧಾರಿಸಿದ್ದರಿಂದ ಬಂತು. ಮಸೂರಕ್ಕೆ ಗಣಿತವೂ ಹೆಗಲು ಕೊಟ್ಟಿದೆ.

ಕುಳಿ ಎಂದರೆ ಸೊನ್ನೆಯಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ‘ಕುಳಿ ಬೆಳಕನ್ನು ಹೀರುತ್ತದೆ, ಆದ್ದರಿಂದ ಸೊನ್ನೆ, ಸಮತಟ್ಟು ಭಾಗ ಪ್ರತಿಫಲಿಸುತ್ತದೆ, ಆದ್ದರಿಂದ ಒಂದು’ ಎಂಬ ವಿವರಣೆಯನ್ನು ಗೈಡುಗಳಲ್ಲಿ ಓದಿರಬಹುದು. ಕಾರ್ಖಾನೆಯಲ್ಲಿ ಅಚ್ಚಾದ ಸಿ.ಡಿ.ಯಲ್ಲಿ ಈ ಎರಡೂ ನಿಜವಲ್ಲ. ಕುಳಿಯ ಮೇಲೂ ಸಮತಟ್ಟಿನ ಮೇಲೂ ಅದೇ ಅಲ್ಯೂಮಿನಿಯಂ ಲೇಪವಿದೆ, ಎರಡೂ ಸಮನಾಗಿ ಹೊಳೆಯುತ್ತವೆ. ವ್ಯತ್ಯಾಸ ಇರುವುದು ಆಳದಲ್ಲಿ. ಪ್ಲಾಸ್ಟಿಕ್ಕಿನೊಳಗೆ ಬೆಳಕಿನ ತರಂಗಾಂತರ ಎಷ್ಟಿದೆಯೋ ಅದರ ಸುಮಾರು ಕಾಲು ಭಾಗದಷ್ಟು ಆಳಕ್ಕೆ ಕುಳಿ ಇರುತ್ತದೆ. ಹೋಗುವಾಗ ಕಾಲು, ಬರುವಾಗ ಕಾಲು, ಒಟ್ಟು ಅರ್ಧ ತರಂಗದ ವ್ಯತ್ಯಾಸ. ಬೆಳಕಿನ ಚುಕ್ಕೆ ಕುಳಿಗಿಂತ ಅಗಲವಾಗಿರುವುದರಿಂದ ಅದರ ಒಂದು ಪಾಲು ಕುಳಿಯಿಂದಲೂ ಇನ್ನೊಂದು ಪಾಲು ಅಕ್ಕಪಕ್ಕದ ಸಮತಟ್ಟಿನಿಂದಲೂ ಮರಳುತ್ತದೆ. ಒಂದರ ಏರಿಗೆ ಇನ್ನೊಂದರ ಇಳಿವು ಎದುರಾಗಿ ಬೆಳಕು ಮಂಕಾಗುತ್ತದೆ.

ಇನ್ನು ಸಂಕೇತದ ಮಾತು. ಕುಳಿಯ ಅಂಚು, ಅಂದರೆ ಬೆಳಕು ಬದಲಾಗುವ ಕ್ಷಣವೇ ‘ಒಂದು’. ಬದಲಾಗದೆ ಸಾಗುವ ಹೊತ್ತೆಲ್ಲ ‘ಸೊನ್ನೆ’. ಅದಕ್ಕಾಗಿಯೇ ಕುಳಿಗಳು ಬೇರೆ ಬೇರೆ ಉದ್ದ ಇರುತ್ತವೆ. ಸಿ.ಡಿ.ಯಲ್ಲಿ ಅತಿ ಚಿಕ್ಕ ಕುಳಿಯ ಉದ್ದ 0.83 ಮೈಕ್ರಾನ್, ಹೆಚ್ಚುಕಡಿಮೆ ಚುಕ್ಕೆಯಷ್ಟೇ.

ತೇಲುವ ಮಸೂರ

ಚುಕ್ಕೆಯನ್ನು ಸಣ್ಣದು ಮಾಡುವುದು ಅರ್ಧ ಕೆಲಸ. ತಿರುಗುವ ಬಿಲ್ಲೆಯ ಮೇಲೆ ಅದನ್ನು ಹಿಡಿದಿಡುವುದು ಇನ್ನರ್ಧ. ಸಿ.ಡಿ.ಯಲ್ಲಿ ಸಂಗಮ ಬಿಂದುವಿನಿಂದ ಎರಡು ಮೈಕ್ರಾನ್ ಅತ್ತಿತ್ತ ಆದರೆ ಚುಕ್ಕೆ ಹರಡಿಕೊಳ್ಳುತ್ತದೆ. ಆದರೆ ತಿರುಗುವಾಗ ಬಿಲ್ಲೆ ಮೇಲೆ ಕೆಳಗೆ ಅರ್ಧ ಮಿಲಿಮೀಟರ್‌ವರೆಗೂ ಓಲಾಡಬಹುದು. ಅಂದರೆ ತಪ್ಪಬಹುದಾದ ದೂರ, ತಪ್ಪಲು ಬಿಡಬಹುದಾದ ದೂರಕ್ಕಿಂತ ನೂರಾರು ಪಟ್ಟು ಹೆಚ್ಚು. ಜಾತ್ರೆಯ ತೂಗುಯ್ಯಾಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದಂತೆ.

ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಮರಳಿ ಬಂದ ಬೆಳಕನ್ನು ಒಂದು ದಿಕ್ಕಿನಲ್ಲಷ್ಟೇ ಬಾಗಿಸುವ ಸಿಲಿಂಡರ್ ಆಕಾರದ ಮಸೂರದ ಮೂಲಕ ಹಾಯಿಸಿ, ನಾಲ್ಕು ಕಾಲುಭಾಗಗಳಾಗಿ ಸೀಳಿದ ಬೆಳಕಿನ ಸಂವೇದಕದ ಮೇಲೆ ಬೀಳಿಸುತ್ತಾರೆ. ಬಿಲ್ಲೆ ಸರಿಯಾದ ದೂರದಲ್ಲಿದ್ದರೆ ಅಲ್ಲಿ ದುಂಡನೆಯ ಗುರುತು ಬೀಳುತ್ತದೆ, ನಾಲ್ಕೂ ಮನೆಗೆ ಸಮಪಾಲು. ಬಿಲ್ಲೆ ಹತ್ತಿರ ಬಂದರೆ ಗುರುತು ಒಂದು ಕರ್ಣದ ದಿಕ್ಕಿಗೆ ಮೊಟ್ಟೆಯಂತೆ ಉದ್ದವಾಗುತ್ತದೆ. ದೂರ ಸರಿದರೆ ಇನ್ನೊಂದು ಕರ್ಣದತ್ತ. ಎದುರುಬದುರು ಮನೆಗಳ ಬೆಳಕನ್ನು ಕೂಡಿ ಕಳೆದರೆ ಎಷ್ಟು ತಪ್ಪಿದೆ, ಯಾವ ಕಡೆ ತಪ್ಪಿದೆ ಎರಡೂ ಗೊತ್ತಾಗುತ್ತವೆ. ಆ ಸಂಕೇತದಂತೆ ವಿದ್ಯುತ್ ಸುರುಳಿಯೊಂದು ಮಸೂರವನ್ನು ಮೇಲೆ ಕೆಳಗೆ ಆಡಿಸುತ್ತದೆ. ಧ್ವನಿವರ್ಧಕದ ಪೊರೆಯನ್ನು ಕಂಪಿಸುವ ತಂತ್ರವೇ ಇದು. ಮಸೂರ ಹಗುರವಾಗಿರಬೇಕಾದ್ದರಿಂದ ಅಚ್ಚಿನಲ್ಲಿ ಎರಕಹೊಯ್ದ ಒಂದೇ ಒಂದು ಪ್ಲಾಸ್ಟಿಕ್ ಮಸೂರ ಬಳಸುತ್ತಾರೆ. ಅದರ ಮೈ ಗೋಳದ ತುಣುಕಲ್ಲ. ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೆಡೆ ಕೂಡುವಂತೆ ಲೆಕ್ಕಹಾಕಿ ತಿದ್ದಿದ ಆಕಾರ.

ಇನ್ನೊಂದು ಗುಟ್ಟು: ಸಿ.ಡಿ.ಯ ಪ್ಲಾಸ್ಟಿಕ್ಕೂ ಮಸೂರ ವ್ಯವಸ್ಥೆಯ ಒಂದು ಭಾಗ. 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟನ್ನು ಹಾದು ಬೆಳಕು ಕುಳಿಗಳನ್ನು ಮುಟ್ಟುತ್ತದೆ. ಬಿಲ್ಲೆಯ ಹೊರಮೈ ಮೇಲೆ ಬೆಳಕಿನ ವೃತ್ತ ಸುಮಾರು 0.7 ಮಿಲಿಮೀಟರ್ ಅಗಲ. ಒಳಗಿನ ಕುಳಿಗೆ ತಲಪುವಷ್ಟರಲ್ಲಿ ಅದರ ಎಂಟುನೂರರಲ್ಲಿ ಒಂದು ಪಾಲು. ಹೀಗಾಗಿ ಮೇಲೆ ಕೂತ ಧೂಳಿನ ಕಣ ಸಂಗಮಕ್ಕೆ ಬಾರದೆ ಮಸುಕು ನೆರಳಾಗಿ ಉಳಿಯುತ್ತದೆ. ಕಿಟಕಿಯ ಗಾಜಿಗೆ ಅಂಟಿದ ಚುಕ್ಕೆ ದೂರದ ಗುಡ್ಡ ನೋಡುವವರಿಗೆ ಕಾಣದಿರುವ ಹಾಗೆ. ಬ್ಲೂ-ರೇಯಲ್ಲಿ ಈ ರಕ್ಷಣೆ ಬಹಳ ತೆಳುವಾಯಿತು. ಅಷ್ಟು ಅಗಲವಾದ ಶಂಕು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಲ್ಲೆ ಒಂಚೂರು ವಾಲಿದರೂ ಕೆಡುವುದರಿಂದ ಹೊದಿಕೆಯನ್ನು 0.1 ಮಿಲಿಮೀಟರಿಗೆ ಇಳಿಸಬೇಕಾಯಿತು. ಆಗ ಧೂಳು, ಗೀರು ಎಲ್ಲವೂ ಬರಹದ ಪಕ್ಕಕ್ಕೇ ಬಂದವು. ಅದಕ್ಕೇ ಬ್ಲೂ-ರೇಗೆ ಗಟ್ಟಿಯಾದ ರಕ್ಷಾಲೇಪ ಬೇಕಾಯಿತು. ಸಂಗಮದ ಸಡಿಲವೂ ಅರ್ಧ ಮೈಕ್ರಾನಿನ ಆಸುಪಾಸಿಗೆ ಇಳಿಯಿತು.

ಬೆಂಗಳೂರಿನಲ್ಲಿ ಹುಟ್ಟಿದ ಎರಡು ವಿಚಾರಗಳು

ಇದೆಲ್ಲ ಜಪಾನ್, ಹಾಲೆಂಡ್, ಜರ್ಮನಿಯ ಕಥೆ ಎನ್ನಿಸಬಹುದು. ಆದರೆ ಇದರ ಭೌತಶಾಸ್ತ್ರದಲ್ಲಿ ಕರ್ನಾಟಕದ ಪಾಲೂ ಇದೆ.

ಸಿ.ಡಿ.ಯ ಮೂಲ ಪ್ರತಿಯನ್ನು ಗಾಜಿನ ಬಿಲ್ಲೆಯ ಮೇಲೆ ತಯಾರಿಸುತ್ತಾರೆ. ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ಮಸೂರದಿಂದ ಸಂಗಮಿಸಿದ ಲೇಸರಿನಿಂದ ಬರೆಯುತ್ತಾರೆ. ಬರೆಯುವಾಗ ಲೇಸರನ್ನು ಸೆಕೆಂಡಿಗೆ ಲಕ್ಷಾಂತರ ಸಲ ಆರಿಸಿ ಹೊತ್ತಿಸಬೇಕು. ಒತ್ತಿ ಹೊತ್ತಿಸುವ ಯಾಂತ್ರಿಕ ಸ್ವಿಚ್ಚಿಗೆ ಅಷ್ಟು ವೇಗವಿಲ್ಲ. ಇದಕ್ಕೆ ಬಳಸಿದ ಸಾಧನಗಳಲ್ಲಿ ಅಕೌಸ್ಟೊ-ಆಪ್ಟಿಕ್ ಮಾಡ್ಯುಲೇಟರ್ ಒಂದು. ಹರಳಿನೊಳಗೆ ಕಿವಿಗೆ ಕೇಳದ ಶಬ್ದದ ಅಲೆ ಹರಿಸಿದರೆ ಬೆಳಕು ದಾರಿ ಬದಲಿಸುತ್ತದೆ, ನಿಲ್ಲಿಸಿದರೆ ನೇರ ಹೋಗುತ್ತದೆ. ಶಬ್ದದ ಅಲೆಗಳಿಂದ ಬೆಳಕು ಹೀಗೆ ಚದುರುವುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಪ್ರಯೋಗದಿಂದ ಕಂಡಿದ್ದರು. ಅದಕ್ಕೆ ಗಣಿತದ ವಿವರಣೆ ಕೊಟ್ಟ ಪ್ರಸಿದ್ಧ ಲೇಖನಮಾಲೆ 1935–36ರಲ್ಲಿ ಬೆಂಗಳೂರಿನಿಂದ ಬಂತು. ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್. ‘ರಾಮನ್–ನಾಥ್ ಸಿದ್ಧಾಂತ’ ಎಂದು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಎರಡನೆಯದು ಧ್ರುವೀಕರಣದ ಕಥೆ. ಡ್ರೈವಿನೊಳಗೆ ಹೋಗುವ ಬೆಳಕೂ ಮರಳುವ ಬೆಳಕೂ ಒಂದೇ ಮಸೂರದ ಮೂಲಕ ಸಾಗುತ್ತವೆ. ಮರಳುವುದನ್ನು ಸಂವೇದಕದ ಕಡೆ ತಿರುಗಿಸಲು ಹಲವು ಡ್ರೈವ್‌ಗಳಲ್ಲಿ ‘ಕಾಲು ತರಂಗದ ತಟ್ಟೆ’ ಎಂಬ ಹಾಳೆ ಇರುತ್ತದೆ. ಅದು ಬೆಳಕಿನ ಕಂಪನದ ದಿಕ್ಕನ್ನು ತಿರುವುತ್ತದೆ. ಸಾಮಾನ್ಯ ತಟ್ಟೆ ಒಂದೇ ಬಣ್ಣಕ್ಕೆ ಸರಿಹೊಂದುತ್ತದೆ. ಕೆಲವು ತಟ್ಟೆಗಳನ್ನು ಸರಿಯಾದ ಕೋನದಲ್ಲಿ ಜೋಡಿಸಿದರೆ ಹಲವು ಬಣ್ಣಗಳಿಗೂ ಹೊಂದುತ್ತದೆ ಎಂದು 1955ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ. ಆಗ ಅವರಿಗೆ 21 ವರ್ಷ, ನಿಮ್ಮಲ್ಲಿ ಹಲವರ ವಯಸ್ಸು! ಮರುವರ್ಷ ಅವರು ಬರೆದ ಲೇಖನದ ವಿಚಾರ ಈಗ ‘ಪಂಚರತ್ನಂ ಫೇಸ್’ ಎಂಬ ಹೆಸರಿನಲ್ಲಿ ಕಾಗದದಂತೆ ಚಪ್ಪಟೆಯಾದ ಹೊಸ ಬಗೆಯ ಮಸೂರಗಳ ವಿನ್ಯಾಸಕ್ಕೆ ಬಳಕೆಯಾಗುತ್ತಿದೆ.

ಕಲಿತರೆ ಏನು ಸಿಗುತ್ತದೆ?

ಸಿ.ಡಿ. ಮುಗಿದ ಅಧ್ಯಾಯ, ಅದರ ಮಸೂರ ಕಲಿತು ನೌಕರಿ ಸಿಗುತ್ತದೆಯೇ ಎಂದು ಕೇಳಬಹುದು. ಸಿ.ಡಿ. ಮುಗಿದಿರಬಹುದು, ಅಬೆ ಸೂತ್ರ ಮುಗಿದಿಲ್ಲ. ಮೊಬೈಲಿನ ಚಿಪ್ ತಯಾರಾಗುವುದು ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ನಕ್ಷೆ ಮೂಡಿಸಿ. ಅಲ್ಲಿಯೂ ಗೆರೆ ಎಷ್ಟು ತೆಳು ಎಂಬುದನ್ನು ತೀರ್ಮಾನಿಸುವುದು ತರಂಗಾಂತರ ಮತ್ತು ನ್ಯೂಮರಿಕಲ್ ಅಪರ್ಚರ್. ಇವತ್ತಿನ ಅತ್ಯಾಧುನಿಕ ಚಿಪ್ ಯಂತ್ರಗಳು 13.5 ನ್ಯಾನೊಮೀಟರಿನ ಬೆಳಕು ಬಳಸುತ್ತವೆ. ಆ ಬೆಳಕನ್ನು ಗಾಜು ನುಂಗಿಬಿಡುವುದರಿಂದ ಮಸೂರದ ಬದಲು ಕನ್ನಡಿಗಳು. ಸೂತ್ರ ಮಾತ್ರ ಅದೇ. ಕಣ್ಣಿನ ಆಸ್ಪತ್ರೆಯ ಲೇಸರ್, ಆಪ್ಟಿಕಲ್ ಫೈಬರ್, ಮೊಬೈಲ್ ಕ್ಯಾಮೆರಾ, ಉಪಗ್ರಹದ ದೂರದರ್ಶಕ ಎಲ್ಲಕ್ಕೂ ಬೆಳಕಿನ ಲೆಕ್ಕ ಬಲ್ಲವರು ಬೇಕು. ಇಸ್ರೊ ಉಪಗ್ರಹಗಳಿಗೆ ನಕ್ಷತ್ರ ಸಂವೇದಕಗಳನ್ನೂ ಕ್ಯಾಮೆರಾದ ಮಸೂರ ವ್ಯವಸ್ಥೆಗಳನ್ನೂ ಮಾಡುವ ಲಿಯೋಸ್ ಪ್ರಯೋಗಾಲಯ ಇರುವುದು ಬೆಂಗಳೂರಿನ ಪೀಣ್ಯದಲ್ಲಿ. ಬಿ.ಎಸ್ಸಿ. ಭೌತಶಾಸ್ತ್ರ ಓದುವವರು ವ್ಯತಿಕರಣ, ವಿವರ್ತನೆಯ ಪಾಠಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿ ಬಿಡುವ ಬದಲು ಹಳೆಯ ಡಿ.ವಿ.ಡಿ. ಡ್ರೈವೊಂದನ್ನು ಕರೆಂಟು ಕೊಡದೆ ಬಿಚ್ಚಿ ನೋಡಿದರೆ ಪಠ್ಯದ ಅರ್ಧ ಅಧ್ಯಾಯ ಒಳಗೇ ಕಾಣುತ್ತದೆ. ಲೇಸರನ್ನು ಮಾತ್ರ ಹೊತ್ತಿಸಿ ನೋಡಬೇಡಿ, ಕಣ್ಣಿಗೆ ಅಪಾಯ.

ಬೆಳಕಿನಿಂದ ಬರೆಯುವ ಪ್ರಯತ್ನವೂ ನಿಂತಿಲ್ಲ. ತರಂಗಾಂತರವನ್ನು ಇನ್ನೂ ಇಳಿಸಿದರೆ ಪ್ಲಾಸ್ಟಿಕ್ ಬೆಳಕನ್ನು ಹೀರಿಕೊಳ್ಳುತ್ತದೆ, ಶಂಕುವನ್ನು ಇನ್ನೂ ಅಗಲಿಸಿದರೆ ಮಸೂರ ಬಿಲ್ಲೆಗೆ ತಾಗುವಷ್ಟು ಹತ್ತಿರ ಬರಬೇಕು. ಹಾಗಾಗಿ ಈಗ ಆಳದ ಕಡೆ ಹೋಗುತ್ತಿದ್ದಾರೆ. ಅತಿ ಕ್ಷಣಿಕವಾದ ಲೇಸರ್ ಮಿಂಚನ್ನು ಗಾಜಿನೊಳಗೆ ಸಂಗಮಿಸಿದರೆ, ಸಂಗಮದ ಜಾಗದಲ್ಲಿ ಮಾತ್ರ ತೀವ್ರತೆ ಸಾಕಷ್ಟಾಗಿ ಗುರುತು ಬೀಳುತ್ತದೆ. ದಾರಿಯಲ್ಲಿನ ಗಾಜಿಗೆ ಏನೂ ಆಗುವುದಿಲ್ಲ. ಹೀಗೆ ಪದರದ ಮೇಲೆ ಪದರ ಬರೆಯಬಹುದು. ಮೈಕ್ರೊಸಾಫ್ಟ್‌ನ ‘ಪ್ರಾಜೆಕ್ಟ್ ಸಿಲಿಕಾ’ ನಡೆದಿರುವುದು ಇದೇ ದಾರಿಯಲ್ಲಿ. 2024ರಲ್ಲಿ ಶಾಂಘೈನ ಸಂಶೋಧಕರು ಎರಡು ಕಿರಣಗಳನ್ನು ಬಳಸಿ ಅಬೆ ಮಿತಿಗಿಂತ ಸಣ್ಣ ಗುರುತು ಮೂಡಿಸಿ, ನೂರು ಪದರಗಳಲ್ಲಿ ಬರೆದು, ಡಿ.ವಿ.ಡಿ. ಗಾತ್ರದ ಬಿಲ್ಲೆಯಲ್ಲಿ ಸುಮಾರು 2 ಲಕ್ಷ ಜಿ.ಬಿ. ಹಿಡಿಸುವ ದಾರಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅಕ್ಷರ ಸಣ್ಣದಾದಷ್ಟೂ...

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಲ್ಲಿನ ಅಕ್ಷರ ದೊಡ್ಡದು. ಒಂದಿಷ್ಟು ಸವೆದರೂ, ಹಾವಸೆ ಹಿಡಿದರೂ, ಓರೆ ಬಿಸಿಲಿನಲ್ಲಿ ನೆರಳು ನೋಡಿ ಓದಬಹುದು. ಕಣ್ಣು ಹತ್ತಿರದಿಂದ ಸುಮಾರು 0.1 ಮಿಲಿಮೀಟರ್‌ವರೆಗಿನ ವಿವರವನ್ನು ಬಿಡಿಸಿ ನೋಡಬಲ್ಲದು. ಕಲ್ಲಿನ ಅಕ್ಷರಕ್ಕೆ ಅದು ಬೇಕಾದಷ್ಟಾಯಿತು. ಆ ಮಸೂರ ಪ್ರತಿ ಮಗುವಿನ ಜೊತೆಗೇ ಹುಟ್ಟುತ್ತದೆ. ಸಿ.ಡಿ.ಯ ಅಕ್ಷರ ಹಾಗಲ್ಲ. ಅದನ್ನು ಓದಲು ಸರಿಯಾದ ಬಣ್ಣದ ಲೇಸರ್, ಸರಿಯಾದ ಮಸೂರ, ಮೈಕ್ರಾನ್ ಲೆಕ್ಕದಲ್ಲಿ ಓಲಾಡುವ ಸುರುಳಿ, ತಪ್ಪು ತಿದ್ದುವ ಗಣಿತ, ಕಡತದ ವಿನ್ಯಾಸ ಬಲ್ಲ ತಂತ್ರಾಂಶ ಎಲ್ಲವೂ ಒಟ್ಟಿಗೆ ಬೇಕು. ಅಕ್ಷರ ಸಣ್ಣದಾದಷ್ಟೂ ಓದುವ ಮಸೂರದ ಮೇಲಿನ ಅವಲಂಬನೆ ಹೆಚ್ಚು. ಬರಹ ಹಾಳಾಗುವ ಮೊದಲೇ ಓದುವ ಯಂತ್ರ ಕಣ್ಮರೆಯಾಗುತ್ತಿದೆ.

ಇದು ಬರೀ ವಿಜ್ಞಾನದ ಮಾತಲ್ಲ. ಸುಮಾರು 2000ದಿಂದ 2015ರವರೆಗಿನ ನಮ್ಮ ಊರುಗಳ ನೆನಪು ಬಹುಪಾಲು ಇರುವುದು ಈ ಬಿಲ್ಲೆಗಳಲ್ಲಿ. ಮದುವೆ, ಜಾತ್ರೆ, ಸಣ್ಣಾಟ, ಭಜನೆ, ಲಾವಣಿ, ಶಾಲೆಯ ವಾರ್ಷಿಕೋತ್ಸವ, ತೀರಿಹೋದ ಅಜ್ಜಿಯ ಸೋಬಾನೆ ಹಾಡು. ಅಂಗಡಿಯಲ್ಲಿ ಬರೆಸಿದ ಡಿಸ್ಕುಗಳಲ್ಲಿ ಕುಳಿಗಳಿರುವುದಿಲ್ಲ, ಲೇಸರಿನಿಂದ ಬಣ್ಣಗೆಟ್ಟ ರಾಸಾಯನಿಕ ಪದರವಿರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಅದು ಅಚ್ಚಾದ ಡಿಸ್ಕಿಗಿಂತ ಬೇಗ ಕೆಡುತ್ತದೆ. ಇವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದಿರಬಹುದು.

ಮಸೂರದ ಪಾಠ ಗೊತ್ತಿದ್ದರೆ ಉಳಿಸುವ ದಾರಿಯೂ ಗೊತ್ತಾಗುತ್ತದೆ. ಡಿಸ್ಕನ್ನು ಒರೆಸುವಾಗ ಸುತ್ತು ಸುತ್ತಾಗಿ ಒರೆಸಬಾರದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಅಡ್ಡ ಗೀರು ಪ್ರತಿ ಸಾಲಿನಲ್ಲಿ ಸ್ವಲ್ಪವೇ ಜಾಗ ಕೆಡಿಸುತ್ತದೆ, ಸಿ.ಡಿ.ಯ ತಿದ್ದುವ ಗಣಿತ ಸಾಲಿನುದ್ದಕ್ಕೆ ಸುಮಾರು 2.5 ಮಿಲಿಮೀಟರ್‌ವರೆಗಿನ ನಷ್ಟವನ್ನು ಪೂರ್ತಿ ತುಂಬಿಕೊಡಬಲ್ಲದು. ಸಾಲಿನ ಗುಂಟ ಬಿದ್ದ ಗೀರಿನ ಎದುರು ಅದು ಸೋಲುತ್ತದೆ. ಹೆಸರು ಬರೆದ ಮೇಲ್ಭಾಗವನ್ನು ಇನ್ನೂ ಜೋಪಾನ ಮಾಡಬೇಕು. ಸಿ.ಡಿ.ಯಲ್ಲಿ ಹೊಳೆಯುವ ಪದರ ಇರುವುದು ಆ ಕಡೆಯ ತೆಳು ಲೇಪದ ಕೆಳಗೇ, ಅಲ್ಲಿ ಗೀರು ಬಿದ್ದರೆ ಬರಹವೇ ಕಿತ್ತುಹೋಗುತ್ತದೆ. ಓದದೆ ತಡವರಿಸುವ ಡಿಸ್ಕನ್ನು ಕಡಿಮೆ ವೇಗದಲ್ಲಿ ಓದಿಸಿ, ಮಸೂರಕ್ಕೆ ಹಿಂಬಾಲಿಸಲು ಹೊತ್ತು ಸಿಗುತ್ತದೆ. ಒಂದು ಡ್ರೈವ್ ಸೋತರೆ ಇನ್ನೊಂದರಲ್ಲಿ ಹಾಕಿ ನೋಡಿ, ಮಸೂರಗಳೆಲ್ಲ ಒಂದೇ ಸಮ ಇರುವುದಿಲ್ಲ.

ಯು.ಎಸ್.ಬಿ.ಗೆ ಜೋಡಿಸುವ ಡಿ.ವಿ.ಡಿ. ಡ್ರೈವ್‌ಗಳು ಈಗಲೂ ಸಿಗುತ್ತವೆ. ಕಾಲೇಜಿನ ಗೆಳೆಯರು ನಾಲ್ಕೈದು ಜನ ಕೂಡಿ ಒಂದನ್ನು ಕೊಂಡರೆ ಒಂದು ಓಣಿಯ ಎಲ್ಲ ಡಿಸ್ಕುಗಳನ್ನು ರಜೆಯಲ್ಲಿ ನಕಲು ಮಾಡಬಹುದು. ನಕಲನ್ನು ಒಂದೇ ಕಡೆ ಇಡಬೇಡಿ, ಎರಡು ಬೇರೆ ಜಾಗದಲ್ಲಿಡಿ. ಯಾವ ವರ್ಷದ್ದು, ಯಾವ ಊರು, ಯಾರ ಹಾಡು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಐದಾರು ವರ್ಷಕ್ಕೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸುತ್ತಿರಬೇಕು ಎಂಬುದನ್ನೂ ಮರೆಯಬೇಡಿ. ಶಾಸನ ಕೊರೆದವರು ಒಮ್ಮೆ ಕೊರೆದು ಬಿಟ್ಟರು, ನಮಗೆ ಆ ಅನುಕೂಲವಿಲ್ಲ. ನಮ್ಮ ಬರಹವನ್ನು ಪ್ರತಿ ತಲೆಮಾರೂ ಮತ್ತೆ ಬರೆಯಬೇಕು. ಈ ಸಲದ ಸರದಿ ನಮ್ಮದು.